ಚುಕ್ಕೆ ಸರಿಸಿದ ವರ್ಷ

ಶನಿವಾರಸಂತೆ ಬಸ್ ನಿಲ್ದಾಣದ ಎದುರು ಬೈಕುಗಳಿಗೆ ಸ್ಟಿಕರ್ ಅಂಟಿಸುವ ಅಂಗಡಿಯೊಂದು ಹೊಸದಾಗಿ ಬಂದಿದೆ. ಮೊನ್ನೆ ಸಂತೆಯ ದಿನ ನಾನು ಬಸ್ಸಿನ ಬಾಗಿಲಲ್ಲಿ ನಿಂತು ಜನರನ್ನು ಹತ್ತಿಸುತ್ತಿದ್ದೆ. ಅಂಗಡಿಯವನು ಹಳೇ ಬೈಕಿನ ಟ್ಯಾಂಕಿನ ಮೇಲಿದ್ದ ಸ್ಟಿಕರನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಅದು ಬಿಟ್ಟುಹೋದ ಗೋಂದಿನ ಮೇಲೆ ಥಿನ್ನರ್ ಸುರಿದು ಬಟ್ಟೆಯಿಂದ ಉಜ್ಜತೊಡಗಿದ. ಮೆಣಸಿನಕಾಯಿ ಮೂಟೆ, ಹಸಿ ಶುಂಠಿ, ಡೀಸೆಲ್ ಹೊಗೆ ಎಲ್ಲವನ್ನೂ ದಾಟಿಕೊಂಡು ಆ ಒಂದು ವಾಸನೆ ನನ್ನನ್ನೇ ಹುಡುಕಿಕೊಂಡು ಬಂದ ಹಾಗೆ ಬಂತು. ಕಂಬಿ ಹಿಡಿದಿದ್ದ ಕೈ ಜಾರಿತು.

"ಏನ್ ಕುಮಾರ, ಬೆಳಗಾಗೆದ್ದು ತಲೆ ಸುತ್ತಾ?" ಎಂದು ಮೆಣಸಿನಕಾಯಿ ಮಾರುವ ಅಜ್ಜಿ ನಕ್ಕಿತು.

"ಹೊಟ್ಟೆಗೆ ಏನೂ ಹಾಕಿಲ್ಲ ಅಜ್ಜಿ," ಎಂದೆ.

ಹೊಟ್ಟೆ ತುಂಬಿತ್ತು. ನನಗೆ ಸುಳ್ಳು ಬೇಗ ಬರುತ್ತದೆ. ಆ ಒಂದು ಕಾಫಿ ಕುಯ್ಲಿನ ಕಾಲದಲ್ಲಿ ಕಲಿತದ್ದು ಅಂಗಾಲಿನಿಂದ ನಾಲಿಗೆಯವರೆಗೆ ಹಾಗೇ ಉಳಿದುಬಿಟ್ಟಿದೆ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಕಂಡಕ್ಟರ್ ಚೀಲ ಹೆಗಲಿಗೆ ಹಾಕಿಕೊಂಡೆ. ಶನಿವಾರಸಂತೆಯಿಂದ ಕಲ್ಲುಕೆರೆ ಎಸ್ಟೇಟಿನ ತನಕ ಹೋಗುವ ಖಾಸಗಿ ಬಸ್ಸು. ತಮ್ಮ ಮಂಜ ಎಸ್ಸೆಸ್ಸೆಲ್ಸಿ ಮುಗಿಸಿದ. ಚಿತ್ರ ಬರೆಯುವ ಕೈ ಅವನದು. ಬೆಂಗಳೂರಿಗೆ ಹೋಗಿ ಒಬ್ಬ ಗುತ್ತಿಗೆದಾರನ ಬಳಿ ಸೇರಿಕೊಂಡ. ಮೆಟ್ರೊ ರೈಲಿನ ನಿಲ್ದಾಣಗಳಲ್ಲಿ, ಬೋಗಿಯ ಬಾಗಿಲುಗಳ ಮೇಲೆ, ದಾರಿಯ ನಕ್ಷೆ ಮತ್ತು ಚಾರ್ಜಿನ ಪಟ್ಟಿ ಅಂಟಿಸುವುದು ಅವನ ಕೆಲಸ. ಹೊಸ ದಾರಿ ತೆರೆದಾಗಲೆಲ್ಲ ಹಳೇ ನಕ್ಷೆ ಕಿತ್ತು, ಗೋಂದು ತೊಳೆದು, ಹೊಸದನ್ನು ಗಾಳಿಗುಳ್ಳೆ ಬಾರದ ಹಾಗೆ ತೀಡಿ ಕೂರಿಸಬೇಕು. ಕಿತ್ತದ್ದನ್ನು ಬಿಸಾಡುತ್ತಾರೆ. ಮಂಜ ಬಿಸಾಡಲಿಲ್ಲ. ಗುತ್ತಿಗೆ ಮುಗಿದು ಅವನು ಊರಿಗೆ ಬಂದಾಗ ಬಟ್ಟೆಯ ಬ್ಯಾಗು ಸಣ್ಣದು, ಹೆಗಲ ಮೇಲಿನ ಸುರುಳಿ ದೊಡ್ಡದು.

ಕೊಡಗಿನಲ್ಲಿ ರೈಲಿಲ್ಲ. ನಮ್ಮ ಅವ್ವ ಇವತ್ತಿನ ತನಕ ರೈಲನ್ನು ಕಣ್ಣಾರೆ ಕಂಡಿಲ್ಲ. ಅಂಥ ಮನೆಯ ಅಡುಗೆಕೋಣೆಯ ನೆಲದ ಮೇಲೆ ಅವನು ನಕ್ಷೆಗಳನ್ನು ಒಂದರ ಪಕ್ಕ ಒಂದು ಹಾಸಿದ. ಮೊದಲನೆಯದರಲ್ಲಿ ಒಂದೇ ನೇರಳೆ ಗೆರೆ, ಕೋಲಿನ ಹಾಗೆ. ಮುಂದಿನದರಲ್ಲಿ ಅದನ್ನು ಕತ್ತರಿಸಿಕೊಂಡು ಹಸಿರು ಗೆರೆ. ಎರಡೂ ಕೂಡುವಲ್ಲಿ ಬಿಳಿಯ ಬಳೆ, ರೈಲು ಬದಲಿಸುವ ಜಾಗ. ಆಮೇಲಿನದರಲ್ಲಿ ತುಂಡು ತುಂಡು ಗೆರೆ. ಅದು ಇನ್ನೂ ಆಗಬೇಕಾದ ದಾರಿ. ಅದರ ಮುಂದಿನ ಶೀಟಿನಲ್ಲಿ ಆ ತುಂಡುಗಳು ಕೂಡಿಕೊಂಡಿದ್ದವು. ಹಳೆಯದೊಂದರಲ್ಲಿ ನೀಲಿ ಕೆರೆಯಿತ್ತು, ದಾರಿಗೆ ಸ್ವಲ್ಪ ಡೊಂಕಿತ್ತು. ಹೊಸದರಲ್ಲಿ ಕೆರೆ ಹೋಗಿತ್ತು, ಡೊಂಕು ಹೋಗಿತ್ತು.

"ಇದೇನ್ಲ ಮಂಜ, ರಂಗೋಲಿ ಇದ್ದಂಗದೆ?" ಎಂದಳು ಅವ್ವ.

"ಬೆಂಗಳೂರು ಕಣವ್ವ ಅದು."

"ಬೆಂಗಳೂರು ಇಷ್ಟು ನೆಟ್ಟಗದಾ?"

"ಎಲ್ಲಿ ನೆಟ್ಟಗದೆ? ಊರು ಸುಕ್ಕುಸುಕ್ಕಾಗೇ ಇರದು. ನಕ್ಷೆ ಮಾಡೋರು ಇಸ್ತ್ರಿ ಹೊಡೀತಾರೆ."

ಅವ್ವ ಒಂದು ನಕ್ಷೆಯನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿಕೊಂಡಳು, ಮಸಿ ಒರೆಸಲು ಸುಲಭ ಎಂದು. ಹಸಿರು ಗೆರೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು.

ಕೆಲಸವಿಲ್ಲದ ಕೈ ಸುಮ್ಮನಿರಲಿಲ್ಲ. ನಮ್ಮ ಬಸ್ಸಿನ ದಾರಿಗೂ ಒಂದು ನಕ್ಷೆ ಮಾಡುತ್ತೇನೆ ಎಂದು ಹೊರಟ. ಬೇಲಿಗದ್ದೆಯ ತಂಗುದಾಣದ ಗೋಡೆಗೆ ಪಂಚಾಯ್ತಿಯವರು ಆಗಷ್ಟೇ ಬಿಳಿ ಎಣ್ಣೆಬಣ್ಣ ಹೊಡೆಸಿದ್ದರು. ಕೇಳಿದ, ಒಪ್ಪಿದರು. ತಂದಿದ್ದ ಸ್ಟಿಕರ್ ಹಾಳೆಗಳಲ್ಲಿ ಕೆಂಪು ಪಟ್ಟಿ ಕುಯ್ದು, ಕಪ್ಪು ಚುಕ್ಕೆ ಕುಯ್ದು, ಊರಿನ ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕುಯ್ದು ಅಂಟಿಸಿದ. ಸೋಮವಾರಪೇಟೆ ಬಸ್ಸು ಕೂಡುವ ಕೈಮರದ ಕವಲಿಗೆ ಬಿಳಿಯ ಬಳೆ ಹಾಕಿದ. "ನಮ್ ಕೈಮರ ಮೆಜೆಸ್ಟಿಕ್ ಆಗೋಯ್ತಲ್ಲೋ!" ಎಂದು ಜನ ನಕ್ಕರು. ನಗುತ್ತಲೇ ಎಲ್ಲರೂ ಒಂದೊಂದು ಸಲ ತಮ್ಮೂರಿನ ಮೇಲೆ ಬೆರಳಿಟ್ಟು ನೋಡಿದರು.

ಒಂದು ಕಡೆ ಮಾತ್ರ ಅವನು ಮೆಟ್ರೊದವರ ಪದ್ಧತಿ ಬಿಟ್ಟ. ಬೇಲಿಗದ್ದೆಯ ತನಕ ಚುಕ್ಕೆಗಳ ನಡುವೆ ಸಮ ಅಂತರ. ಬೇಲಿಗದ್ದೆ ದಾಟಿದ ಮೇಲೆ ಕೆಂಪು ನಿಂತು, ಕಪ್ಪು ತುಂಡುಗಳ ಉದ್ದನೆಯ ಸಾಲು, ಅದರ ಪಕ್ಕದಲ್ಲಿ ಆನೆಯ ಹೆಜ್ಜೆಗಳು, ಗೋಡೆಯ ಆ ಮೂಲೆಗೆ ಕೊನೆಯ ಚುಕ್ಕೆ, ಕಲ್ಲುಕೆರೆ. ಅಲ್ಲಿ ನಿಜಕ್ಕೂ ದಾರಿ ಉದ್ದ. ಎರಡು ಕಡೆ ಕಾಡು, ಆನೆ ದಾಟುವ ಜಾಗ.

"ಇಲ್ಲಿ ಯಾಕೆ ಇಷ್ಟುದ್ದ ಎಳ್ದೆ? ಅಲ್ಲೆಲ್ಲ ಒಂದೇ ಸಮ ಇರ್ತದೆ ಅಂದಿದ್ದೆ?" ಎಂದು ನಾನು ಕೇಳಿದೆ.

"ಅಲ್ಲಿ ಯಾರೂ ಹಳಿ ಮೇಲೆ ನಡ್ಯಲ್ಲ ಅಣ್ಣ. ರೈಲಲ್ಲಿ ಕೂತೋನಿಗೆ ಎಷ್ಟು ದೂರ ಅನ್ನೋದು ಬೇಡ, ಎಷ್ಟನೇದು ಅನ್ನೋದು ಸಾಕು. ಇಲ್ಲಿ ಇಳಿದೋನು ನಡೀತಾನೆ."

ಮುಂದಿನ ವಾರ ಅವನು ಬಸ್ಸಿನೊಳಗೂ ಒಂದು ಪಟ್ಟಿ ಅಂಟಿಸಿದ. ಡ್ರೈವರ್ ಸೀಟಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ, ಮೆಟ್ಟಿಲಿನ ಆಕಾರದ ಚಾರ್ಜಿನ ಪಟ್ಟಿ. ಹತ್ತಿದ ಊರಿನಿಂದ ಒಂದು ಬೆರಳು ಅಡ್ಡಕ್ಕೆ, ಇಳಿಯುವ ಊರಿನಿಂದ ಒಂದು ಬೆರಳು ಕೆಳಕ್ಕೆ ಎಳೆದರೆ ಎರಡೂ ಕೂಡುವ ಮನೆಯಲ್ಲಿ ಚಾರ್ಜು ಇರುತ್ತದೆ. ಅಲ್ಲಿಯವರೆಗೆ ಚಾರ್ಜು ಇದ್ದದ್ದು ನನ್ನ ನಾಲಿಗೆಯ ಮೇಲೆ. ಯಾರಿಗೆ ಎಷ್ಟು ಹೇಳಬೇಕು, ಹೊಸಬರಿಗೆ ಎಷ್ಟು, ಎಸ್ಟೇಟಿನ ಕುಯ್ಲಿಗೆ ದೂರದಿಂದ ಬಂದವರಿಗೆ ಎಷ್ಟು, ಎಲ್ಲ ನಾನು ಮುಖ ನೋಡಿ ಹೇಳುತ್ತಿದ್ದೆ. ಪಟ್ಟಿ ಬಂದ ಮೇಲೆ ಮುದುಕಿಯರು ಕೂಡ ಎದ್ದು ಹೋಗಿ ಬೆರಳು ಎಳೆದು ಬಂದು ಚಿಲ್ಲರೆ ಎಣಿಸಿ ಕೊಡತೊಡಗಿದರು. "ನಿನ್ ತಮ್ಮ ಬರ್ದವ್ನೆ, ಸುಳ್ಳಾಗ್ತದಾ?" ಎನ್ನುತ್ತಿದ್ದರು. ನನ್ನ ಎದೆಯಲ್ಲಿ ಏನೋ ಹುಳಿ ಹುಟ್ಟಿತು. ಅವನು ಓದಲಿ ಎಂದು ಚೀಲ ಹೊತ್ತವನು ನಾನು. ಈಗ ಚೀಲದ ಮರ್ಯಾದೆಯನ್ನೇ ಅವನು ಗೋಡೆಗೆ ಅಂಟಿಸಿದ್ದ.

ಕುಯ್ಲು ಶುರುವಾಯಿತು. ಬೆಳಗ್ಗೆ ಮಂಜು, ಮಧ್ಯಾಹ್ನ ಕೆಂಧೂಳು, ಕಣಗಳಲ್ಲಿ ಹರಡಿದ ಕಾಫಿ ಹಣ್ಣಿನ ಹುಳಿ ವಾಸನೆ. ಭತ್ತದ ಗದ್ದೆಗೆ ಬಂದ ಆನೆಗಳು ಆ ವರ್ಷ ಕಾಡಿಗೆ ವಾಪಸು ಹೋಗದೆ ತೋಟಗಳಲ್ಲೇ ಉಳಿದವು. ಆನೆಯ ನೆಪದಲ್ಲಿ ಡೀಸೆಲ್ ಉಳಿಸಲು ನಮ್ಮ ಓನರ್ ಒಂದು ಏರ್ಪಾಡು ಮಾಡಿಕೊಂಡಿದ್ದ. ಸಂಜೆಯ ಕೊನೆಯ ಟ್ರಿಪ್ಪು ಕಲ್ಲುಕೆರೆಗೆ ಹೋಗುವ ಹಾಗಿಲ್ಲ, ಬೇಲಿಗದ್ದೆಯಲ್ಲೇ ತಿರುಗಬೇಕು. ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ಹೋಗುವವರು ತಂಗುದಾಣದಲ್ಲಿ ಕೂತು ಎಸ್ಟೇಟ್ ಜೀಪಿಗೆ ಕಾಯುತ್ತಿದ್ದರು. ಹಳಬರಿಗೆ ಗೊತ್ತು. ಹೊಸಬರಿಗೆ ನಾನು ಹೇಳಬೇಕು. ಅದು ಬರೆಯದ ಕಾನೂನು.

ನಕ್ಷೆ ಬಂದ ಮೇಲೆ ಜನ ಆ ಏರ್ಪಾಡಿನ ಮೇಲೆ ಬೆರಳಿಟ್ಟರು. ಪಂಚಾಯ್ತಿ ಮೆಂಬರೊಬ್ಬರು ಓನರನ್ನು ತಂಗುದಾಣಕ್ಕೇ ಕರೆದು ಆನೆ ಹೆಜ್ಜೆ ತೋರಿಸಿ, ಇಷ್ಟು ದೂರ ಹೆಂಗಸರು ಮಕ್ಕಳನ್ನು ಬಿಟ್ಟು ಹೇಗ್ರೀ ತಿರುಗುತ್ತೀರಿ ಎಂದು ಕೇಳಿದರಂತೆ. ಓನರ್ ನನ್ನನ್ನು ಕರೆಸಿದ.

"ನಿನ್ ತಮ್ಮ ದೊಡ್ಡ ಇಂಜಿನಿಯರಾ? ಆನೆ ಕಾಲು ಬರೀತಾನೆ! ಆ ಆನೆ ನನ್ ಬಸ್ಸಿಗೆ ಗುದ್ದಿದ್ರೆ ನಿಮ್ಮಪ್ಪ ಕಟ್ಟಿಕೊಡ್ತಾನಾ? ಅದ್ನ ತೆಗ್ಸು. ಇಲ್ಲಾಂದ್ರೆ ಚೀಲ ಇಲ್ಲಿಟ್ಟು ನಡಿ."

ಮಂಜನಿಗೆ ಹೇಳಿದೆ. ಅವನು ಊಟ ಮಾಡುತ್ತಿದ್ದ.

"ಆಗಲ್ಲ ಅಣ್ಣ."

"ಬೆಂಗಳೂರಲ್ಲಿ ಇರೋ ಹಂಗೇ ಮಾಡು ಅಂದ್ರೆ ಏನ್ ಕಷ್ಟ ನಿಂಗೆ?"

"ನಮ್ಮೂರು ಬೆಂಗಳೂರಲ್ಲ, ಅದಕ್ಕೇ."

ಅವ್ವ ಇಬ್ಬರ ತಟ್ಟೆಗೂ ಸಾರು ಬಡಿಸಿದಳು.

ಎರಡು ದಿನದ ಮೇಲೆ ಮಂಜ ಶಾಲೆಯೊಂದರ ಗೋಡೆಗೆ ಚಿತ್ರ ಬರೆಯಲು ಕುಶಾಲನಗರಕ್ಕೆ ಹೋದ. ನಾನು ಅವನ ಸುರುಳಿಯಿಂದ ಒಂದು ಗೇಣು ಕೆಂಪು ಪಟ್ಟಿ ಕತ್ತರಿಸಿ ಚೀಲದಲ್ಲಿಟ್ಟುಕೊಂಡೆ. ಇದನ್ನು ಇಲ್ಲಿ ಬರೆಯಲೇಬೇಕು. ಸಿಟ್ಟಿನ ಭರದಲ್ಲಿ ಮಾಡಿದ್ದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಿಟ್ಟಿನಲ್ಲಿ ಮಾಡುವವನು ಮನೆಯಿಂದ ಪಟ್ಟಿ ಕತ್ತರಿಸಿಕೊಂಡು ಹೋಗುವುದಿಲ್ಲ.

ಹಾಡಹಗಲು. ಡ್ರೈವರ್ ಬಶೀರಣ್ಣ ಟೀ ಕುಡಿಯಲು ಹೋಗಿದ್ದ. ಬೇಲಿಗದ್ದೆಯ ತಂಗುದಾಣದಲ್ಲಿ ಒಂದು ನಾಯಿ ಬಿಟ್ಟರೆ ಯಾರಿಲ್ಲ. ಬಿಸಿಲಿಗೆ ಗೋಡೆ ಕಾದಿತ್ತು. ಉಗುರು ಹಾಕಿದರೆ ಸಾಕು, ಆನೆ ಹೆಜ್ಜೆಗಳು ಒಂದೊಂದಾಗಿ ಎದ್ದು ಬಂದವು. ಕಪ್ಪು ತುಂಡುಗಳನ್ನು ಕಿತ್ತೆ. ಮೂಲೆಯಲ್ಲಿದ್ದ ಕಲ್ಲುಕೆರೆಯ ಚುಕ್ಕೆಯನ್ನೂ ಹೆಸರನ್ನೂ ಹುಷಾರಾಗಿ ಎಬ್ಬಿಸಿ, ಬೇಲಿಗದ್ದೆಯ ಪಕ್ಕಕ್ಕೆ ತಂದು ಕೂರಿಸಿದೆ. ನಡುವೆ ಕೆಂಪು ಪಟ್ಟಿ. ಹೆಚ್ಚಾದ ತುದಿಯನ್ನು ಬ್ಲೇಡಿನಲ್ಲಿ ಕುಯ್ದೆ. ದೂರ ನಿಂತು ನೋಡಿದೆ. ಚೆಂದವಾಗಿತ್ತು. ಎಲ್ಲ ಚುಕ್ಕೆಗಳೂ ಸಮ. ಬೇಲಿಗದ್ದೆಗೂ ಕಲ್ಲುಕೆರೆಗೂ ಮಿಕ್ಕ ಊರುಗಳ ಹಾಗೆ ಎರಡು ಬೆರಳಿನ ಜಾಗ.

ಕಿತ್ತದ್ದನ್ನೆಲ್ಲ ಉಂಡೆ ಮಾಡಿ ಜೇಬಿಗೆ ಹಾಕಿಕೊಂಡೆ. ಬಟ್ಟೆ ಒಗೆಯುವಾಗ ಅವ್ವ ಕೇಳಿದಳು, "ಜೇಬಲ್ಲಿ ಇದೇನ್ಲ ಕರ್ರಗೆ ಅಂಟ್ಕಂಡಿರದು?" ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಆಮೇಲೆ ಅವಳು ಯಾವತ್ತೂ ಕೇಳಲಿಲ್ಲ.

ಆ ವಾರದ ಒಂದು ಸಂಜೆ, ಕೊನೆಯ ಟ್ರಿಪ್ಪಿಗೆ ಶನಿವಾರಸಂತೆಯಲ್ಲಿ ಒಂದು ಜೋಡಿ ಹತ್ತಿತು. ಅಸ್ಸಾಮಿನ ಕಡೆಯವರು. ಗಂಡನ ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು, ಹೆಂಡತಿಯ ತಲೆಯ ಮೇಲೆ ಹೊದಿಕೆಯ ಗಂಟು. ಆಕೆಯ ಅಣ್ಣ ಕಲ್ಲುಕೆರೆಯ ಲೈನಿನಲ್ಲಿದ್ದ, ಕುಯ್ಲಿಗೆಂದು ಬರಹೇಳಿದ್ದ. ಇದೆಲ್ಲ ಆಮೇಲೆ ತಿಳಿದದ್ದು. ಗಂಡನ ಹೆಸರು ದೀಪೆನ್, ಅವಳದು ರೂಪಾಲಿ.

ನಾನು ಎಂದಿನಂತೆ ಹೊಸಬರ ಚಾರ್ಜು ಹೇಳಿದೆ. ದೀಪೆನ್ ನಕ್ಕು, ಪಟ್ಟಿಯ ಕಡೆ ಗದ್ದ ತೋರಿಸಿದ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿದವನು, ಒಂದಿಷ್ಟು ಕನ್ನಡ ಬರುತ್ತಿತ್ತು.

"ಅಣ್ಣಾ, ಅಲ್ಲಿ ಬರ್ದಿದೆ ಅಲ್ವಾ? ಎರಡು ಕಲ್ಲುಕೆರೆ. ಅಷ್ಟೇ ಆಗೋದು."

ಹಿಂದಿನ ಸೀಟಿನವರು ಕಿಸಕ್ಕೆಂದರು. "ಕುಮಾರ, ನಿನ್ ವ್ಯಾಪಾರ ಮುಚ್ಕಂಡು ಹೋಯ್ತು ಬಿಡಪ್ಪ!"

ಅವನು ಎಣಿಸಿ ಕೊಟ್ಟದ್ದನ್ನು ತೆಗೆದುಕೊಂಡೆ. ಟಿಕೆಟ್ ಹರಿದು ಕೊಟ್ಟೆ, ಬಸ್ಸು ಬೇಲಿಗದ್ದೆಯಲ್ಲೇ ತಿರುಗುತ್ತದೆ, ಅಲ್ಲಿ ಜೀಪಿಗೆ ಕಾಯಬೇಕು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳದಿರುವುದಕ್ಕೆ ಆ ಒಂದು ನಗು, ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ನನ್ನಲ್ಲಿಲ್ಲ.

ಬೇಲಿಗದ್ದೆಗೆ ಬಂದಾಗ ಮುಸ್ಸಂಜೆ. ಮಿಕ್ಕವರು ಇಳಿದು ಅವರವರ ಮನೆಯ ದಾರಿ ಹಿಡಿದರು. ಲೈನಿಗೆ ಹೋಗುವವರು ಆ ದಿನ ಇವರಿಬ್ಬರೇ.

"ಇಳೀರಿ, ಇದೇ ಲಾಸ್ಟು."

"ಕಲ್ಲುಕೆರೆ ಬಂತಾ?"

"ಅದು ಮುಂದಿಂದು. ಬಸ್ಸು ಹೋಗಲ್ಲ. ಬೋರ್ಡ್ ಓದಕ್ಕೆ ಬರುತ್ತಲ್ಲ ನಿಂಗೆ, ನೋಡ್ಕೋ ಹೋಗು."

ಅವನು ಇಳಿದ. ಗೋಡೆ ನೋಡಿದವನ ಮುಖ ಅರಳಿತು. "ಅರೆ, ಮೆಟ್ರೊ!" ಎಂದ. ಅವಳನ್ನು ಕರೆದು, ಅವಳ ಬೆರಳು ಹಿಡಿದು ಬೇಲಿಗದ್ದೆಯ ಚುಕ್ಕೆಯ ಮೇಲಿಟ್ಟು, ಅಲ್ಲಿಂದ ಕಲ್ಲುಕೆರೆಯ ಚುಕ್ಕೆಗೆ ಜಾರಿಸಿದ. ಅವರ ಭಾಷೆಯಲ್ಲಿ ಏನೋ ಹೇಳಿದ. ಅವಳು ನಕ್ಕಳು. ಅವನು ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿದ. "ಒಂದೇ ಸ್ಟೇಷನ್!"

ಬಶೀರಣ್ಣ ಎಂಜಿನ್ ಆರಿಸಿರಲಿಲ್ಲ. "ಕುಮಾರ, ಬಿಟ್ಟು ಬರಾನ ಮಾರಾಯ. ಹೊಸಬ್ರು. ಹೆಂಗಸು ಬೇರೆ ಉಂಟು."

"ಓನರ್ ಹೇಳಿದ್ದು ನೆನಪಿಲ್ವಾ?"

"ಜೀಪಿಗೆ ಕಾಯಕ್ಕಾದ್ರೂ ಹೇಳಿದ್ಯಾ?"

"ಹೇಳಿದೀನಿ," ಎಂದೆ. "ರೈಟ್."

ಬಸ್ಸು ತಿರುಗುವಾಗ ಹಿಂದಿನ ಗಾಜಿನಲ್ಲಿ ಅವರು ಕಂಡರು. ಅವನು ಸೂಟ್‌ಕೇಸನ್ನು ತಲೆಯ ಮೇಲೇರಿಸಿಕೊಂಡು ಮುಂದೆ, ಅವಳು ಹಿಂದೆ. ಕೂಗಿ ಹೇಳುವಷ್ಟು ಹತ್ತಿರ ಇದ್ದರು.

ಆನೆ ಬಂದಾಗ ಅವನು ಅವಳನ್ನು ಪಕ್ಕದ ಕಂದಕಕ್ಕೆ ನೂಕಿದನಂತೆ. ಜೀಪಿನವರು ಆ ದಾರಿಯಲ್ಲಿ ಬಂದಾಗ ಅವಳು ಕಂದಕದಲ್ಲಿ ಬದುಕಿದ್ದಳು. ಸೂಟ್‌ಕೇಸು ಚಪ್ಪಟೆಯಾಗಿತ್ತು. ಅವನ ಬಗ್ಗೆ ಜೀಪಿನವರು ಹೇಳಿದ್ದನ್ನು ನಾನು ಬರೆಯುವುದಿಲ್ಲ.

ಮಂಜ ಹಿಂದಿನ ದಿನವಷ್ಟೇ ಕುಶಾಲನಗರದಿಂದ ಬಂದಿದ್ದ. ಬೆಳಗ್ಗೆ ಸುದ್ದಿ ಕೇಳಿದವನು ಮುಖವನ್ನೂ ತೊಳೆಯದೆ ಮೊದಲ ಟ್ರಿಪ್ಪಿನಲ್ಲೇ ಬೇಲಿಗದ್ದೆಗೆ ಬಂದ. ದಾರಿಯುದ್ದಕ್ಕೂ ಒಂದೇ ಮಾತು. "ನಾನು ಹೆಜ್ಜೆ ಹಾಕಿದ್ದೆ ಅಣ್ಣ. ಅವರು ನೋಡ್ಲಿಲ್ವಾ? ಹೆಜ್ಜೆ ಅಷ್ಟು ದೊಡ್ಡದಾಗಿ ಹಾಕಿದ್ದೆ."

ಇಳಿದು ಗೋಡೆಯ ಮುಂದೆ ನಿಂತ. ಸರಿಸಿದ ಚುಕ್ಕೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ಗೋಡೆಯ ಆ ಮೂಲೆಗೆ ಹೋದ. ಚುಕ್ಕೆ ಮೊದಲಿದ್ದ ಜಾಗದಲ್ಲಿ ಉಳಿದ ಗೋಂದಿಗೆ ಕೆಂಧೂಳು ಹಿಡಿದು ಒಂದು ಬಳೆಯ ಗುರುತು ಎದ್ದಿತ್ತು. ಅದರ ಸುತ್ತ ಬೆರಳಾಡಿಸಿ ನನ್ನ ಕಡೆ ತಿರುಗಿದ. ನಾನು ಬಸ್ಸಿನ ಟಯರು ನೋಡುತ್ತಿದ್ದೆ.

ಅಷ್ಟರಲ್ಲಿ ಲೈನಿನ ಜನ ಬಂದರು. ಎಸ್ಟೇಟಿನ ರೈಟರ್, ಅಂದರೆ ಕೂಲಿಯವರ ಮೇಲ್ವಿಚಾರಣೆಯವನು, ಜೀಪಿನಿಂದ ಹಾರಿದ. ಜೀಪಿನ ಹಿಂದಿನ ಸೀಟಿನಲ್ಲಿ ರೂಪಾಲಿ ಇದ್ದಳು. ಒಣಗಿದ ಕೆಸರಿನ ಸೀರೆ, ಬಿಟ್ಟ ಕಣ್ಣು. ಅವಳ ಅಣ್ಣ ಅವಳ ಹೆಗಲು ಹಿಡಿದುಕೊಂಡಿದ್ದ. ಅವಳು ಗೋಡೆಯ ಕಡೆ ಕೈ ತೋರಿಸಿ ಏನೋ ಹೇಳಿದಳು. ಅವಳ ಅಣ್ಣ ರೈಟರಿಗೆ ಹೇಳಿದ.

"ಇದ್ನ ಅಂಟ್ಸಿದ್ದು ಯಾವನ್ಲಾ?"

"ನಾನೇ ಸಾರ್," ಎಂದ ಮಂಜ.

"ಎರಡು ಬೆರಳಾ ಇದು ಲೈನಿಗೆ? ಎರಡು ಬೆರಳಾ? ನಡ್ಕಂಡು ಹೋಗು ನೋಡಾನ ನೀನು, ಹೋಗ್ಲಾ!" ರೈಟರ್ ಅವನ ಅಂಗಿ ಹಿಡಿದ. ಆಮೇಲೆ ನನ್ನ ಕಡೆ ತಿರುಗಿದ. "ನೀನ್ಯಾಕಯ್ಯ ಇಳ್ಸಿ ಹೋದೆ?"

"ನಾನು ಜೀಪಿಗೆ ಕಾಯ್ರಿ ಅಂತ ಹೇಳಿದ್ದೆ. ಅವರೇ ಬೋರ್ಡ್ ನೋಡಿ ಹತ್ರ ಐತೆ ಅಂತ ಹೊರಟ್ರು."

ರೂಪಾಲಿಗೆ ಆಗ ಒಂದು ಅಕ್ಷರ ಕನ್ನಡ ಬರುತ್ತಿರಲಿಲ್ಲ. ಬರುತ್ತಿದ್ದವನು ಸತ್ತಿದ್ದ. ಬಶೀರಣ್ಣ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಮಾರನೆಯ ದಿನ ಬೀಗದ ಕೈ ಓನರಿಗೆ ಕೊಟ್ಟು ಕೆಲಸ ಬಿಟ್ಟ. ಇವತ್ತಿಗೂ ಎದುರು ಸಿಕ್ಕರೆ ನನ್ನೊಡನೆ ಮಾತಿಲ್ಲ.

ಮಂಜ ನನ್ನನ್ನೇ ನೋಡುತ್ತಿದ್ದ. ಅವನ ತುಟಿ ಅಲುಗಿದ ಹಾಗಾಯಿತು. ಬಾಯಿ ತೆರೆಯುತ್ತಾನೆ ಎನ್ನಿಸಿತು. ತೆರೆಯುವುದಕ್ಕೆ ಮುಂಚೆ ನಾನು ಹೋಗಿ ಅವನ ಕೆನ್ನೆಗೆ ಹೊಡೆದೆ.

"ಕೊಲೆಗಡುಕ! ಎಂಥಾ ಬೋರ್ಡ್ ಮಾಡಿದ್ಯೋ! ಕೀಳು ಅದ್ನ! ಇವರ ಮುಂದೇನೇ ಕೀಳು!"

ಇದು ನನ್ನ ಬಾಯಿಂದ ಬಂದದ್ದು. ಅಪ್ಪ ಸತ್ತಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿತೆಯನ್ನು ತೋರಿಸದೆ ಗದ್ದೆಯ ಕಡೆ ಕರೆದುಕೊಂಡು ಹೋದವನು ನಾನು. ಅದೇ ಬಾಯಿ.

ಯಾರೋ ಪಕ್ಕದ ಗ್ಯಾರೇಜಿನಿಂದ ಥಿನ್ನರ್ ಡಬ್ಬ ತಂದಿಟ್ಟರು. ಮಂಜ ಮೊಣಕಾಲೂರಿ ಕೂತ. ಯಾರೋ ಅವನ ಬೆನ್ನಿಗೆ ಕೊಳೆತ ಕಾಫಿ ಸಿಪ್ಪೆ ಎರಚಿದರು. ಕುತ್ತಿಗೆಯಿಂದ ಇಳಿದ ಕೆಂಪು ರಸವನ್ನು ಅವನು ಒರೆಸಿಕೊಳ್ಳಲಿಲ್ಲ. ಎಲ್ಲರೂ ಅಂದುಕೊಂಡದ್ದು ಅವನು ಮೊದಲು ಕಲ್ಲುಕೆರೆಯ ಚುಕ್ಕೆಯನ್ನು ಕೀಳುತ್ತಾನೆ ಎಂದು. ಅವನು ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ಏನೂ ಇಲ್ಲದ ಆ ಮೂಲೆಗೆ ಹೋದ. ಧೂಳಿನ ಬಳೆ ಇದ್ದ ಜಾಗವನ್ನು ಉಜ್ಜಿದ. ಗುರುತು ಹೋದ ಮೇಲೂ ಉಜ್ಜಿದ. ಆನೆ ಹೆಜ್ಜೆಗಳ ಕಲೆಗಳನ್ನು ಒಂದೊಂದಾಗಿ ಉಜ್ಜಿದ.

"ಅಲ್ಲೇನ್ ಉಜ್ತಿಯೋ, ಇಲ್ ಕೀಳೋ!" ಎಂದು ಜನ ಕೂಗಿದರು.

ನನಗೊಬ್ಬನಿಗೆ ಗೊತ್ತಿತ್ತು ಅವನು ಏನನ್ನು ಉಜ್ಜುತ್ತಿದ್ದಾನೆ ಎಂದು. ನನ್ನನ್ನು.

ಆಮೇಲೆ ಉಳಿದದ್ದನ್ನೆಲ್ಲ ಕಿತ್ತ. ಕೈಮರದ ಬಿಳಿ ಬಳೆ, ಊರಿನ ಹೆಸರುಗಳು, ಎಲ್ಲ. ಉಗುರಿನ ಸಂದಿಯಿಂದ ರಕ್ತ ಬಂತು. ನಾನು ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ, ಕೆಲಸ ಮಾಡಿಸುವವನ ಹಾಗೆ. ಬಸ್ಸಿನೊಳಗಿನ ಚಾರ್ಜಿನ ಪಟ್ಟಿಯನ್ನು ಆ ಸಂಜೆ ನಾನೇ ಕಿತ್ತೆ. ಯಾರೂ ಏಕೆ ಎಂದು ಕೇಳಲಿಲ್ಲ.

ಕುಯ್ಲು ಮುಗಿಯುವ ಮೊದಲೇ ಮಂಜ ಊರು ಬಿಟ್ಟ. ಹೊರಡುವ ದಿನ ಅವ್ವ ಅವನ ಬ್ಯಾಗಿಗೆ ಅಕ್ಕಿರೊಟ್ಟಿ ಕಟ್ಟಿ ಇಡುತ್ತ ನನ್ನ ಕಡೆ ನೋಡದೆ, "ಅವನು ಸುಳ್ಳು ಗೆರೆ ಎಳೆಯೋನಲ್ಲ," ಎಂದಳು. ಅಷ್ಟೇ. ನನ್ನ ತಟ್ಟೆಗೂ ರೊಟ್ಟಿ ಹಾಕಿದಳು. ಮನೆಯಲ್ಲಿ ಉಳಿಯುವ ಮಗ ನಾನು ತಾನೆ.

ಹೋದ ಮಳೆಗಾಲದಲ್ಲಿ ಏನೋ ನೆಪ ಮಾಡಿಕೊಂಡು ಬೆಂಗಳೂರಿಗೆ ಹೋದೆ. ಅವನು ಮತ್ತೆ ಅದೇ ಕೆಲಸದಲ್ಲಿದ್ದ. ಹೊಸದಾಗಿ ಹಳದಿ ಗೆರೆ ಸೇರಿತ್ತು, ಎಲ್ಲ ನಕ್ಷೆಗಳನ್ನೂ ಬದಲಿಸುತ್ತಿದ್ದರು. ಚಾರ್ಜಿನ ಮೆಟ್ಟಿಲು ಎಷ್ಟು ಬೆಳೆದಿತ್ತೆಂದರೆ ಅಕ್ಷರಗಳು ಸಾಸಿವೆಯಷ್ಟಾಗಿದ್ದವು. ಅವನು ನನ್ನನ್ನು ರೈಲಿಗೆ ಹತ್ತಿಸಿಕೊಂಡ. ಇಬ್ಬರೂ ಕಂಬಿ ಹಿಡಿದು ನಿಂತೆವು. ಅವನ ಉಗುರುಗಳು ಸರಿಯಾಗಿ ಬೆಳೆದಿರಲಿಲ್ಲ.

"ಮಂಜ, ಆ ಚುಕ್ಕೆ ಸರಿಸಿದ್ದು ನಾನು."

"ಗೊತ್ತು. ಪಟ್ಟಿ ಸೊಟ್ಟ ಕುಯ್ದಿದ್ರಿ."

ಹುಟ್ಟಿದಾಗಿನಿಂದ ನನಗೆ 'ನೀನು' ಎಂದವನು.

"ಮತ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಲೈನಿನವರು ನಿಮ್ಮನ್ನ ಅಲ್ಲೇ ಬಿಡ್ತಿದ್ರಾ? ಅವ್ವನ್ನ ಯಾರು ನೋಡ್ಕೋಬೇಕಿತ್ತು?" ಬಾಗಿಲ ಮೇಲಿನ ನಕ್ಷೆ ನೋಡುತ್ತ ಕೇಳಿದ. "ಸತ್ತೋನ ಹೆಂಡ್ತಿಗೆ ಹೇಳಿದ್ರಾ?"

"ಇಲ್ಲ."

"ಗೊತ್ತಿರೋನಿಗೆ ಹೇಳಕ್ಕೆ ಇಷ್ಟು ದೂರ ಬಂದ್ರಾ? ಬಸ್ ಚಾರ್ಜು ದಂಡ."

ಬಾಗಿಲು ತೆರೆಯಿತು. ಅವನು ಇಳಿದ, ನನ್ನನ್ನು ಇಳಿ ಎನ್ನಲಿಲ್ಲ. ಬಾಗಿಲು ಮುಚ್ಚಿದ ಮೇಲೆ ತಲೆಯೆತ್ತಿ ನಕ್ಷೆಯಲ್ಲಿ ನಾನು ಎಲ್ಲಿದ್ದೇನೆಂದು ಹುಡುಕಿದೆ. ಎಲ್ಲ ಚುಕ್ಕೆಗಳೂ ಸಮ ದೂರದಲ್ಲಿದ್ದವು. ಕೊನೆಯ ನಿಲ್ದಾಣದವರೆಗೂ ಹಾಗೇ ಹೋದೆ.

ಈಗ ನಮ್ಮ ಬಸ್ಸು ಕೊನೆಯ ಟ್ರಿಪ್ಪಿನಲ್ಲೂ ಕಲ್ಲುಕೆರೆಗೆ ಹೋಗುತ್ತದೆ. ಒಬ್ಬನ ಪ್ರಾಣ ಹೋದ ಮೇಲೆ ಓನರಿಗೆ ಡೀಸೆಲ್ ಸಿಕ್ಕಿತು. ಬೇಲಿಗದ್ದೆಯ ಗೋಡೆ ಈಗ ಕೊಳೆಯಾಗಿದೆ, ಸಿನಿಮಾ ಪೋಸ್ಟರು, ಎಲೆಯಡಿಕೆ ಉಗುಳು. ಒಂದು ಮೂಲೆಯಲ್ಲಿ ಮಾತ್ರ ಬಣ್ಣ ಸವೆದು ಸಿಮೆಂಟು ಕಾಣುವ ತನಕ ಉಜ್ಜಿದ ಜಾಗವಿದೆ. ದಿನಾ ಅದರ ಮುಂದೆ ನಿಂತು "ಬೇಲಿಗದ್ದೆ, ಬೇಲಿಗದ್ದೆ" ಎಂದು ಕೂಗುತ್ತೇನೆ.

ರೂಪಾಲಿ ಅವಳ ಊರಿಗೆ ವಾಪಸು ಹೋಗಲಿಲ್ಲ. ಅಣ್ಣನ ಲೈನಿನಲ್ಲೇ ಉಳಿದು ಕುಯ್ಲಿಗೆ ಹೋಗುತ್ತಾಳೆ. ಶನಿವಾರ ಸಂತೆಗೆ ನನ್ನ ಬಸ್ಸಿನಲ್ಲೇ ಬರುತ್ತಾಳೆ. ಕನ್ನಡ ಮಾತು ಚೆನ್ನಾಗಿ ಬಂದಿದೆ, ಓದಲು ಬರುವುದಿಲ್ಲ. ಹಾಗಾಗಿ ಇದನ್ನು ಅವಳು ಓದುವುದಿಲ್ಲ. ಅದು ಗೊತ್ತಿದ್ದೇ ನಾನು ಇದನ್ನು ಬರೆಯುತ್ತಿದ್ದೇನೆ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಪ್ರತಿ ಸಂಕ್ರಾಂತಿಯ ಹೊತ್ತಿಗೆ ಅವರಿಗೂ ಒಂದು ಹಬ್ಬ. ಅಕ್ಕಿಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ, ಒಳಗೆ ಎಳ್ಳು ಬೆಲ್ಲ ಇಟ್ಟು ಸುರುಳಿ ಸುತ್ತುತ್ತಾರೆ. ಈ ವರ್ಷವೂ ಅವಳು ತಂದಳು. ಕಲ್ಲುಕೆರೆಯಲ್ಲಿ ಹತ್ತಿದವಳು ಸೆರಗಿನೊಳಗಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು.

ಹೊಸ ಡ್ರೈವರ್ ಕನ್ನಡಿಯಲ್ಲಿ ನೋಡಿ ರೇಗಿಸಿದ. "ಏನಕ್ಕ, ನಮಗಿಲ್ವಾ? ಕುಮಾರಣ್ಣಂಗೆ ಮಾತ್ರನಾ?"

"ಅವರು ಬೇರೆ," ಎಂದಳು ರೂಪಾಲಿ. "ಆವತ್ತು ಎಲ್ಲರೂ ಬರೀ ಕೂಗಾಡಿದ್ರು. ಇವರು ಸ್ವಂತ ತಮ್ಮಂಗೇ ಹೊಡೆದ್ರು. ನನಗೋಸ್ಕರ." ನನ್ನ ಕಡೆ ತಿರುಗಿದಳು. "ತಿನ್ನಿ ಅಣ್ಣ. ಬಿಸಿ ಇದೆ."

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಕಣಪ್ಪ ಕುಮಾರ," ಎಂದು ಮುಂದಿನ ಸೀಟಿನ ಅಜ್ಜಿ ನಗಾಡಿತು. "ಏನಾರ ಒಂದು ಮಾತಾಡು ಮತ್ತೆ."

ರೂಪಾಲಿ ನಾನು ತಿನ್ನುವುದನ್ನೇ ಕಾಯುತ್ತ ನಿಂತಿದ್ದಳು. ಬಸ್ಸು ಕಾಡಿನ ದಾರಿಗೆ ಮೂತಿ ಮಾಡಿ ನಿಂತಿತ್ತು. ನಾನು ಸುರುಳಿಯನ್ನು ಮುರಿದು ಬಾಯಿಗೆ ಹಾಕಿಕೊಂಡೆ, ಸಿಹಿಯಾಗಿತ್ತು, ಪೂರ್ತಿ ತಿಂದು ಕೈ ಒರೆಸಿಕೊಂಡೆ. ಆಮೇಲೆ ಬಾಗಿಲ ಕಂಬಿ ಹಿಡಿದು, "ರೈಟ್," ಎಂದೆ.